ಕುಡಿಯದೆ ಕದ್ದವನು

ನಮ್ಮ ವರದಿಯ ನಮೂನೆಯಲ್ಲಿ 'ಅಪರಾಧಕ್ಕೆ ಕಾರಣ' ಎಂದೊಂದು ಕಾಲಮ್ಮಿದೆ. ಅದಕ್ಕೆ ಬಿಟ್ಟಿರುವ ಜಾಗ ಒಂದೂವರೆ ಸಾಲು. ಒಬ್ಬ ಮನುಷ್ಯ ಯಾಕೆ ಕದ್ದ ಎಂಬುದನ್ನು ಒಂದೂವರೆ ಸಾಲಿನಲ್ಲಿ ಬರೆದು ಮುಗಿಸಬಹುದೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ. ಅವನೇನಾದರೂ ಕೈಗೆ ಸಿಕ್ಕಿದರೆ ಒಂದು ದಿನ ಲೋಕಲ್ ರೈಲು ಹತ್ತಿಸಿ ನನ್ನ ಜೊತೆ ಸುತ್ತಿಸಬೇಕೆಂದಿದ್ದೇನೆ.

ನಾನು ಮುಂಬಯಿಯಲ್ಲಿ ಪ್ರೊಬೇಷನ್ ಅಧಿಕಾರಿ. ತಪ್ಪು ಸಾಬೀತಾದ ಮೇಲೆ, ಶಿಕ್ಷೆ ಹೇಳುವ ಮೊದಲು, ಆ ಮನುಷ್ಯನ ಮನೆ, ಕೆಲಸ, ಸಹವಾಸ ಎಲ್ಲ ವಿಚಾರಿಸಿ ಕೋರ್ಟಿಗೆ ಬರೆದುಕೊಡುವುದು ನನ್ನ ಕೆಲಸ. ಮ್ಯಾಜಿಸ್ಟ್ರೇಟರಿಗೆ ವರದಿ ಒಪ್ಪಿಗೆಯಾದರೆ ಜೈಲಿಗೆ ಕಳಿಸುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರೆ. ಆಮೇಲೆ ಅವನ ಮೇಲೆ ಕಣ್ಣಿಡುವುದೂ ನಾನೇ. ಆರೋಪಿ ಕನ್ನಡದವನು ಎಂದು ಗೊತ್ತಾದರೆ ಸಾಕು, ಫೈಲು ತಾನಾಗಿ ನನ್ನ ಮೇಜಿಗೆ ಬಂದು ಬೀಳುತ್ತದೆ. ನನ್ನದು ಉಡುಪಿಯ ಕಡೆಯ ಕನ್ನಡ, ಅವರದು ವಿಜಯಪುರದ ಕಡೆಯದು ಎಂದರೆ ಕಚೇರಿಯಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ.

ಈ ಫೈಲು ನೋಡಲು ಬಹಳ ಸಾದಾ ಇತ್ತು. ಕಾಂದಿವಲಿಯಲ್ಲಿ ನಮ್ಮ ಕರಾವಳಿಯವರದೊಂದು ಹೋಟೆಲು. ಅಲ್ಲಿ ಹಿಟ್ಟು ರುಬ್ಬುವ, ದೊಡ್ಡ ಪಾತ್ರೆ ತಿಕ್ಕುವ ಕೆಲಸಕ್ಕಿದ್ದ ವಿಜಯಪುರದ ಕಡೆಯ ಆಳು ಅಟ್ಟದ ಮೇಲಿದ್ದ ಹಳೆಯ ತಾಮ್ರದ ಬಾಯ್ಲರನ್ನು ಗೋಣಿಯಲ್ಲಿ ಸುತ್ತಿ, ಹಾಡಹಗಲೇ ಹೆಗಲ ಮೇಲೆ ಹೊತ್ತು ಪಕ್ಕದ ರಸ್ತೆಯ ಗುಜರಿಗೆ ಮಾರಲು ಹೋಗಿದ್ದ. ಬಾಯ್ಲರಿನ ಹೊಟ್ಟೆಯ ಮೇಲೆ ಹೋಟೆಲಿನ ಹೆಸರು ಕೊರೆದಿತ್ತು. ಗುಜರಿಯವನು ದಿನಾ ಚಹಾ ಕುಡಿಯುವುದು ಅದೇ ಹೋಟೆಲಿನಲ್ಲಿ. ಅವನು ಇವನನ್ನು ಸ್ಟೂಲಿನ ಮೇಲೆ ಕೂರಿಸಿ ಧಣಿಗೆ ಫೋನು ಮಾಡಿದ. ಇವನು ಪೊಲೀಸರು ಬರುವತನಕ ಅಲ್ಲೇ ಕೂತಿದ್ದ. ಕೋರ್ಟಿನಲ್ಲೂ ಒಂದೇ ಮಾತಿಗೆ ಒಪ್ಪಿಕೊಂಡ.

"ಮೇಡಂ, ಸಿಂಪಲ್ ಹೈ," ಎಂದ ಅವನ ವಕೀಲ. ಕೋರ್ಟೇ ಉಚಿತವಾಗಿ ಕೊಟ್ಟ ಹೊಸ ಹುಡುಗ. ಅಪ್ಪ ಅಮ್ಮ ಕನ್ನಡದವರು, ಇವನದು ಮುಂಬಯಿ ಕನ್ನಡ. "ದಾರು ಪೀಕೆ ಮಾಡಿದ್ದು ಅಂತ ಬರೀರಿ. ನಶಾ ಬಿಡಿಸೋ ಸೆಂಟರ್‌ಗೆ ಕಳ್ಸಿ ಅನ್ನಿ. ಮ್ಯಾಜಿಸ್ಟ್ರೇಟ್ ಬಿಡ್ತಾರೆ. ಹುಷಾರಾಗಿದ್ದು ಕದ್ದ ಅಂದ್ರೆ ಗಯಾ, ಒಳಗೆ."

"ಕುಡಿದಿದ್ದನಾ?"

"ಕೌನ್ ದಾರು ನಹೀ ಪೀತಾ ಮೇಡಂ ಅವರಲ್ಲಿ? ನೀವು ಮನೆಗೆ ಹೋಗಿ, ಹೆಂಡ್ತಿ ಹೇಳ್ತಾಳೆ."

ಅವರಲ್ಲಿ ಅಂತೆ. ಮೈಯೆಲ್ಲ ಉರಿಯಿತು. ಆದರೂ ಮರುದಿನ ದಾದರಿನಿಂದ ಲೋಕಲ್ ಹಿಡಿದು ಭಾಂಡುಪಿಗೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾ ಗುಡ್ಡದ ಬುಡದವರೆಗೆ, ಅಲ್ಲಿಂದ ಮೇಲಕ್ಕೆ ಕಾಲೇ ಗತಿ. ಇವನು ವಾರವೆಲ್ಲ ಕಾಂದಿವಲಿಯ ಹೋಟೆಲಿನಲ್ಲೇ ಮಲಗಿ, ರಜೆಯ ದಿನ ಮಾತ್ರ ಇಲ್ಲಿಗೆ ಬರುತ್ತಿದ್ದ. ಹೆಂಡತಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರಲು ಹೋಗುವವಳು. ಅವತ್ತು ನನಗಾಗಿ ರಜೆ ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ಹೋದರೆ ಗೋಡೆಯ ಉದ್ದಕ್ಕೂ ಖಾಲಿ ಬಾಟಲಿ ಜೋಡಿಸಿಟ್ಟಿದ್ದಾಳೆ.

"ನೋಡ್ರಿ ಅಕ್ಕಾರ, ಎಷ್ಟು ಕುಡಿತಿದ್ರು ನಮ್ಮನಿಯವ್ರು," ಎಂದಳು, ಪಾಠ ಒಪ್ಪಿಸುವ ಹಾಗೆ. "ಕುಡದಾಗ ಖಬರ ಇರಂಗಿಲ್ರಿ ಅವ್ರಿಗೆ. ಖಬರ ಇಲ್ದ ಒಯ್ದಾರ್ರಿ ಅದನ್ನ."

ಬಾಟಲಿಗಳನ್ನು ಬಗ್ಗಿ ನೋಡಿದೆ. ನಮ್ಮ ಇಲಾಖೆಯ ದೊಡ್ಡ ಸಾಹೇಬರು ಮಗಳ ಮದುವೆಯಲ್ಲಿ ಕೂಡ ಕುಡಿಸದಂಥ ದುಬಾರಿ ಮಾಲು. ಒಂದರಲ್ಲಿ ಫಿನಾಯಿಲಿನ ವಾಸನೆ. ಮೂಲೆಯದರ ಮೇಲೆ ಗುಲ್ಕಂದಿನ ಚೀಟಿಯೇ ಇತ್ತು.

"ಗುಲ್ಕಂದನ್ನೂ ಕುಡೀತಿದ್ದನಾ?"

ಅವಳ ಮುಖ ಸಣ್ಣದಾಯಿತು. "ನಮ್ಮ ಗಲ್ಲಿ ಗುಜರಿ ಮುದುಕನ ಕಡೆ ಕೇಳಿ ತಂದೀನ್ರಿ. ವಕೀಲ್ರು, ಏನರ ಸಾಕ್ಷಿ ಇದ್ರ ಚಲೋ ಆಕ್ಕೇತಿ ಅಂದ್ರು. ಏನ್ ಮಾಡ್ಲಿ? ಅವ್ರು ಒಳಗ ಹೋದ್ರಂದ್ರ ಒಬ್ಬಾಕಿ ಗಳಿಕಿಮ್ಯಾಲ ಈ ಖೋಲಿ ಉಳಿಯಂಗಿಲ್ಲ. ಎರಡೂ ಮಕ್ಕಳ ಸಾಲಿ ಬಿಡಿಸಿ ಅಣ್ಣನ ಮನಿಗೆ ಹೋಗಿ ಬೀಳಬೇಕು. ಅಣ್ಣನ ಹೆಂಡ್ತಿ ನನ್ನ ನೋಡಿದ್ರ ಬಾಗ್ಲಾ ಹಾಕ್ತಾಳ."

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಬಾಟಲಿ ಸುಳ್ಳಾದರೂ ಭಯ ಸುಳ್ಳಲ್ಲ. ಮೊದಲು ಕುಡಿಯುತ್ತಿದ್ದದ್ದು ನಿಜವೇ ಎಂದು ಕೇಳಿದ್ದಕ್ಕೆ ಅಕ್ಕಪಕ್ಕದವರೆಲ್ಲ ಹೌದೆಂದರು. ಕುಡಿದು ಗುಡ್ಡದ ಮೆಟ್ಟಿಲ ಮೇಲೇ ಮಲಗುತ್ತಿದ್ದನಂತೆ. ಸರಿ, ಬರೆದುಕೊಂಡೆ.

ಮುಂದೆ ಕಾಂದಿವಲಿ. ಧಣಿಗಳು ಊರಿನವಳು ಬಂದಳೆಂದು ಕಾಫಿ ತರಿಸಿದರು, ಬನ್ಸ್ ತರಿಸಿದರು, ನನ್ನ ಊರು ಯಾವುದು, ಮನೆ ಯಾವ ಬದಿ ಎಂದೆಲ್ಲ ಕೇಳಿದರು. ಕೊನೆಗೆ ಬಾಯ್ಲರನ್ನೂ ತೋರಿಸಿದರು. ಅವರ ತಂದೆ ಹೋಟೆಲು ಶುರು ಮಾಡುವಾಗ ತಂದದ್ದು. ಸೊಂಟದಲ್ಲಿ ನೆಗ್ಗಿತ್ತು.

"ಅಪ್ಪ ಹೋದ ಮೇಲೆ ಇದನ್ನು ಒಲೆಗೆ ಇಟ್ಟಿಲ್ಲ ಮೇಡಂ, ಆದ್ರೂ ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು. "ಕುಡಿದ ತಲೆಯಲ್ಲಿ ಮಾಡಿದ್ದಾದ್ರೆ ನಾನು ಕ್ಷಮಿಸ್ತೇನೆ. ಕೆಲಸಕ್ಕೂ ವಾಪಸ್ ತಗೊಳ್ತೇನೆ. ಕುಡುಕನಿಗೆ ಬುದ್ಧಿ ಎಲ್ಲಿಂದ? ಆದ್ರೆ ಹುಷಾರಿದ್ದೇ ಕದ್ದದ್ದಾ? ಹಾಗಾದ್ರೆ ಅವನ ಮುಖ ನನಗೆ ಬೇಡ. ಆ ಘಟ್ಟದ ಮೇಲಿನವರದ್ದೇ ಹಾಗೆ ಮಾರಾಯ್ರೆ, ಹುಟ್ಟುಗುಣ."

"ಧಣಿ, ನಮ್ಮೂರಿನವರ ಫೈಲೂ ನನ್ನ ಮೇಜಿನ ಮೇಲೆ ಬೇಕಾದಷ್ಟಿದೆ," ಎಂದೆ. ಅವರು ಇನ್ನೊಂದು ಬನ್ಸ್ ತಟ್ಟೆಗೆ ಹಾಕಿದರು.

ಎಲ್ಲರಿಗೂ ಅವನು ಕುಡಿದಿದ್ದರೆ ಅನುಕೂಲ. ವಕೀಲನಿಗೆ ಕೇಸು ಸುಲಭ, ಧಣಿಗೆ ಕ್ಷಮಿಸಲು ದಾರಿ, ಹೆಂಡತಿಗೆ ಗಂಡ ಮನೆಗೆ. ನನಗೂ ಒಂದೂವರೆ ಸಾಲಿಗೆ ಅಳೆದಿಟ್ಟ ಹಾಗೆ ಕೂರುವ ಕಾರಣ. ಬಡತನ, ವಲಸೆ, ಮದ್ಯಪಾನ: ಈ ಮೂರನ್ನು ಎಷ್ಟು ಸಲ ಬರೆದಿದ್ದೇನೆಂದರೆ ಮರಾಠಿಯಲ್ಲಿ ಟೈಪಿಸುವಾಗ ಬೆರಳು ತಾನಾಗಿ ಓಡುತ್ತದೆ. ಸುಳ್ಳು ಬರೆದಿದ್ದೇನೆಂದಲ್ಲ. ಅವೇ ಗಲ್ಲಿಗಳಿಂದ, ಅಂಥದೇ ಖೋಲಿಗಳಿಂದ ಜನ ಸಾಲುಗಟ್ಟಿ ಕೋರ್ಟಿಗೆ ಬರುವುದನ್ನು ಕಣ್ಣಾರೆ ಕಂಡವಳಿಗೆ 'ಮಾಡಿದ್ದುಣ್ಣೋ ಮಹಾರಾಯ' ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಇವನದೂ ಹಾಗೇ ಟೈಪಾಯಿತು. ಅವನನ್ನು ನೋಡುವುದೊಂದೇ ಬಾಕಿ.

ವರದಿ ಕೊಡುವ ಮೊದಲು ಅದರ ಸಾರವನ್ನು ಆ ಮನುಷ್ಯನಿಗೆ ಓದಿ ಹೇಳುವುದು ನನ್ನ ರೂಢಿ. ಯಾರೂ ಹಾಗೆ ಮಾಡು ಎಂದಿಲ್ಲ, ನನಗೆ ನಾನೇ ಹಚ್ಚಿಕೊಂಡ ಉಪದ್ರವ. ಜೈಲಿನಲ್ಲಿ ಪಾಸು, ಸಹಿ, ಮತ್ತೊಂದು ಸಹಿ ಎಲ್ಲ ಮುಗಿದು ಅವನು ಎದುರಿಗೆ ಬರುವ ಹೊತ್ತಿಗೆ ನನ್ನ ತಾಳ್ಮೆಯೂ ಮುಗಿದಿತ್ತು. ಗಟ್ಟಿ ತೋಳಿನ, ಸಣ್ಣ ದನಿಯ ಆಳು. ಕೂರು ಎಂದರೂ ಕೂರಲಿಲ್ಲ. ಓದಿದೆ.

"ಕುಡದಿದ್ದೆ ಅಂತ ಬರದೀರೇನ್ರಿ?"

"ಹೌದು."

"ಕುಡದಿಲ್ರಿ ನಾ."

"ನಿನ್ನ ಹೆಂಡತಿಯೇ ಹೇಳಿದ್ದು."

"ಆಕಿ ನನ್ನ ಹೊರಗ ತರಾಕ ಹೇಳ್ಯಾಳ. ಆಕಿನ ಆಣಿ ಹಾಕಿಸ್ಯಾಳ್ರಿ ನನಗ, ಕುಡಿಯಂಗಿಲ್ಲಂತ, ಮೈಲಾರಲಿಂಗನ ಭಂಡಾರ ಮುಟ್ಟಿಸಿ. ಹೋದ ದಸರಾದಿಂದ ಒಂದ್ ಹನಿ ಬಾಯಾಗ ಹಾಕಿಲ್ಲ."

ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಅವರ ಕಡೆ ಅದನ್ನು ಮುಟ್ಟಿ ಮಾತು ಕೊಟ್ಟರೆ ಮುಗಿಯಿತು. ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳುವ ಪ್ರಮಾಣ ಅದರ ಮುಂದೆ ಬರೀ ಬಾಯಿಪಾಠ.

"ಅಲ್ಲ ಮಾರಾಯ, ಕದ್ದದ್ದನ್ನೇ ಒಪ್ಪಿಕೊಂಡಿದ್ದೀಯ. ಕುಡಿದೆ ಅನ್ನಲಿಕ್ಕೆ ಎಂತ ಕಷ್ಟ?"

"ಕದ್ದೀನಿ, ಕಳ್ಳ ಅಂತ ಬರೀರಿ. ಆಣಿ ಮುರದಂವ ಅಂತ ಬರೀಬ್ಯಾಡ್ರಿ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೆಂಡತಿ ಏರಿಗೆ ಎಳೆದರೆ ಗಂಡ ನೀರಿಗೆ ಎಳೆಯುತ್ತಿದ್ದಾನೆ. ಹಾಗಾದರೆ ಯಾಕೆ ಕದ್ದೆ, ಸರಿಯಾಗಿ ಹೇಳು ಎಂದೆ. ನಿಧಾನಕ್ಕೆ ಹೇಳಿದ. ಕುಡಿಯುವುದು ಬಿಟ್ಟ ಮೇಲೂ ಹೋಟೆಲಿನಲ್ಲಿ ಅವನ ಹೆಸರು ಕುಡುಕನೆಂದೇ ಇತ್ತು. ಹಾಲು ಉಕ್ಕಿದರೂ ಅವನೇ, ಗ್ಲಾಸು ಒಡೆದರೂ ಅವನೇ. ಅವತ್ತು ಬೇರೆ ಯಾರದೋ ಕೈತಪ್ಪಿ ಸಾಂಬಾರಿನ ಪಾತ್ರೆ ಮಗುಚಿತು. ಧಣಿ ಗಿರಾಕಿಗಳ ಎದುರಿಗೇ ಇವನನ್ನು ಕರೆದು 'ಬಾಯಿ ಊದು' ಎಂದರು. ಊದಿದ. ವಾಸನೆ ಇರಲಿಲ್ಲ. 'ಈಗಿನ ಮಾಲು ವಾಸನೆ ಬರೂದಿಲ್ಲ' ಎಂದು ಅಡುಗೆಯವನೊಬ್ಬ ಹೇಳಿದ. ಎಲ್ಲರೂ ನಕ್ಕರು. ಇವನು ಏಪ್ರನ್ ಬಿಚ್ಚಿಟ್ಟು ಸೀದಾ ಬಾರಿಗೆ ನಡೆದ. ಬಾಗಿಲಲ್ಲಿ ನಿಂತ. ಒಳಗೆ ಹೋಗದೆ ತಿರುಗಿ ಬಂದ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಅಟ್ಟ ಹತ್ತಿದ.

ನನಗೆ ಕಾರಣ ಸಿಕ್ಕಿತು. ಸಿಕ್ಕಿದ್ದು ಮಾತ್ರವಲ್ಲ, ನಿಜವಾಗಿಯೂ ಸಿಟ್ಟು ಬಂತು ನನಗೆ, ಆ ಬನ್ಸ್ ಕೊಟ್ಟ ಧಣಿಯ ಮೇಲೆ. "ಸರಿ, ಇದನ್ನೇ ಬರೀತೇನೆ," ಎಂದೆ. "ಅವಮಾನ ಮಾಡಿದ್ರು, ಅದಕ್ಕೆ ಕದ್ದ."

"ಅದನ್ನೂ ಬರೀಬ್ಯಾಡ್ರಿ."

"ಮತ್ತೆ ಎಂತ ಬರೀಲಿ? ಶನಿ ಬಂದು ಬಾಯ್ಲರ್ ಹೊತ್ತುಕೊಂಡು ಹೋದ ಅಂತ ಬರೀಲಾ?" ನನ್ನ ದನಿಗೆ ಬಾಗಿಲ ಬಳಿಯ ಕಾವಲಿನವನು ತಿರುಗಿ ನೋಡಿದ.

ಅವನ ದನಿ ಏರಲಿಲ್ಲ. "ಅವ್ರು ಅಂದ್ರು ಅಂತ ಕದ್ದೆ ಅಂದ್ರ, ನಾಳೆ ಮತ್ತ ಯಾರರ ಅಂತಾರ್ರಿ. ಮತ್ತ ಕದೀಬೇಕೇನು ನಾ? ಸಿಟ್ಟು ಬಂದಿತ್ತು, ಖರೆ. ಬಾರಿನ ಬಾಗ್ಲಾಗ ನಿಂತಾಗೂ ಅದ ಸಿಟ್ಟಿತ್ತು. ಅಲ್ಲಿಂದ ತಿರುಗಿ ಬರಾಕ ಬಂತು. ಅಟ್ಟದ ಮ್ಯಾಲಿಂದ ಬರಿಗೈಲೆ ಇಳಿಯಾಕ ಬರ್ತಿರ್ಲಿಲ್ಲೇನ್ರಿ? ಬರ್ತಿತ್ತು. ಇಳೀಲಿಲ್ಲ."

"ಆ ಸಿಟ್ಟು ಆಕಾಶದಿಂದ ಬಿದ್ದದ್ದಲ್ಲ, ಅದು ಗೊತ್ತುಂಟಾ ನಿನಗೆ?" ಎಂದೆ. ಸೋಲಬಾರದೆಂದು ಹೇಳಿದ ಮಾತು. "ಇಲ್ರಿ, ಅವ್ರ ಕೊಟ್ಟದ್ದು," ಎಂದ. "ತಗೊಂಡಂವ ನಾ."

ಹೊರಗೆ ಗೇಟಿನ ಹತ್ತಿರ ಅವನ ಹೆಂಡತಿ ಕಾದಿದ್ದಳು. ಆಣೆಯ ವಿಷಯ ಯಾಕೆ ಮುಚ್ಚಿಟ್ಟೆ ಎಂದು ಅಲ್ಲೇ ತರಾಟೆಗೆ ತೆಗೆದುಕೊಂಡೆ. ಅವಳು ಅಳಲಿಲ್ಲ. "ಆಣಿ ಹಾಕಿಸಿದಾಕಿ ನಾನ, ಸುಳ್ಳು ಹೇಳಿದಾಕಿನೂ ನಾನ. ಪಾಪ ಬಂದ್ರ ನನಗ ಬರ್ಲಿ ಅಕ್ಕಾರ. ಮಕ್ಕಳ ಸಾಲಿ ಬಿಡಿಸಿದ ಪಾಪಕ್ಕಿಂತ ಸಣ್ಣದೈತಿ ಅದು," ಎಂದಳು.

ಮರಳುವ ರೈಲಿನಲ್ಲಿ ನನಗೆ ಕಿಟಕಿಯ ಜಾಗ ಸಿಕ್ಕಿದರೂ ಸಂತೋಷವಾಗಲಿಲ್ಲ. ಕುಡಿದಿದ್ದನೆಂದು ಬರೆದರೆ ಅವನು ಕೋರ್ಟಿನಲ್ಲೇ ಎದ್ದುನಿಂತು ಇಲ್ಲ ಎನ್ನುತ್ತಾನೆ, ಎಲ್ಲ ಕೆಡುತ್ತದೆ. ಕುಡಿದಿರಲಿಲ್ಲ ಎಂದು ಬರೆದರೆ ತಣ್ಣಗೆ ಯೋಚಿಸಿ ಕದ್ದ ಪಕ್ಕಾ ಕಳ್ಳನಾಗುತ್ತಾನೆ. ಹಿಡಿದ ದಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ ಕಾಗದ ಫೈಲಿನಲ್ಲೇ ಇತ್ತು: ಮದ್ಯದ ವಾಸನೆ ಇಲ್ಲ. ವಕೀಲ ಅದನ್ನು ನೋಡಿಯೂ ನೋಡದವನ ಹಾಗಿದ್ದ. ನಾನೂ ಅದರ ಮೇಲೆ ಕಣ್ಣು ಹಾಯಿಸಿ ಮುಂದಕ್ಕೆ ಹೋಗಿದ್ದೆ. ಮನಸ್ಸಿನಲ್ಲೇ ಎಲ್ಲರಿಗೂ ಬೈದೆ.

ಆದರೆ ಬೈಯುತ್ತ ಬೈಯುತ್ತ ಒಂದು ಮಾತು ತಲೆಗೆ ಹೊಕ್ಕಿತು. ಎಲ್ಲವನ್ನೂ ಬಡತನವೇ ಮಾಡಿಸಿದ್ದು, ಅವಮಾನವೇ ಮಾಡಿಸಿದ್ದು ಎಂದಾದರೆ ಕೋರ್ಟು ಮುಚ್ಚಳಿಕೆ ಬರೆಸಿಕೊಳ್ಳುವುದು ಯಾರಿಂದ? ಬಡತನ ಬಂದು ಸಹಿ ಹಾಕುತ್ತದೆಯೇ? ಇನ್ನು ಮುಂದೆ ಸರಿಯಾಗಿರುತ್ತೇನೆ ಎಂದು ಮಾತು ಕೊಡಬೇಕಾದವನು ಒಬ್ಬ ಮನುಷ್ಯ. ಮಾಡಿದ್ದು ನಾನೇ ಎನ್ನುವವನ ಮಾತಿಗಲ್ಲದೆ ಇನ್ಯಾರ ಮಾತಿಗೆ ಬೆಲೆ? ಕಾರಣಗಳು ಸುಳ್ಳಾಗಲಿಲ್ಲ, ಆದರೆ ಅವು ಅವನನ್ನು ಅಟ್ಟದ ಬುಡದವರೆಗೆ ಮಾತ್ರ ತಂದು ಬಿಟ್ಟಿದ್ದವು.

ಮೊದಲಿನದನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಮದ್ಯ ಸೇವಿಸಿರಲಿಲ್ಲ. ಕೆಲಸದ ಜಾಗದಲ್ಲಿ ಎಲ್ಲರೆದುರು ಅವಮಾನವಾಗಿತ್ತು. ಕದಿಯದೆ ಇರಲು ಸಾಧ್ಯವಿತ್ತು ಎಂದು ತಾನೇ ಹೇಳುತ್ತಾನೆ. ಕುಡಿತ ಬಿಡುತ್ತೇನೆಂದು ಕೊಟ್ಟ ಮಾತನ್ನು ಆ ದಿನವೂ ಉಳಿಸಿಕೊಂಡಿದ್ದಾನೆ. ಇವನಿಂದ ಮುಚ್ಚಳಿಕೆ ಪಡೆಯಬಹುದು. ಕಾಲಮ್ಮು ಸಾಲದೆ ಹಿಂದಿನ ಪುಟಕ್ಕೆ ಹೋಯಿತು. ವಕೀಲ ಓದಿ ಹಣೆ ಹಣೆ ಬಡಿದುಕೊಂಡ. "ಮೇಡಂ, ಆಪ್ ನಮ್ಮ ಸೈಡಾ, ಪೊಲೀಸ್ ಸೈಡಾ?"

ಕೋರ್ಟಿನಲ್ಲಿ ನಾನೆಣಿಸಿದ್ದೇ ಆಯಿತು. ಸರ್ಕಾರಿ ವಕೀಲರು ನನ್ನ ವರದಿಯನ್ನೇ ಎತ್ತಿ ಹಿಡಿದು, ಇವನು ಪೂರ್ತಿ ಎಚ್ಚರದಲ್ಲಿದ್ದು ಕದ್ದವನು, ಕರುಣೆ ಯಾಕೆ ಎಂದರು. ಹಿಂದಿನ ಬೆಂಚಿನಲ್ಲಿ ಧಣಿ ತಲೆಯಾಡಿಸಿದರು. ಮ್ಯಾಜಿಸ್ಟ್ರೇಟರು ವರದಿಯ ಹಿಂದಿನ ಪುಟವನ್ನು ಎರಡೆರಡು ಸಲ ತಿರುವಿ ಹಾಕಿ, ಅವನನ್ನೇ ಮರಾಠಿಯಲ್ಲಿ ಕೇಳಿದರು: ಎಚ್ಚರವಿದ್ದೂ ಕದ್ದೆ, ಮತ್ತೆ ಕದಿಯುವುದಿಲ್ಲ ಎಂದು ಹೇಗೆ ನಂಬುವುದು?

ಅವನು ನನ್ನ ಕಡೆ ನೋಡಿದ. ಕನ್ನಡದಲ್ಲೇ ಹೇಳು, ನಾನು ಹೇಳ್ತೇನೆ ಎಂದೆ.

"ಕುಡಿಯಂಗಿಲ್ಲಂತ ಮಾತ ಕೇಳಿದ್ರು, ಕೊಟ್ಟೆ. ಕುಡೀಲಿಲ್ಲ," ಎಂದ. "ಕಳವಿನ ಮಾತ ಯಾರೂ ಕೇಳಿರ್ಲಿಲ್ರಿ ನನಗ. ಈಗ ಕೇಳ್ರಿ. ಕೊಡ್ತೀನಿ."

ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಮರಾಠಿಗೆ ತಿರುಗಿಸಿದೆ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಬರೆಸಿದರು: ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ, ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ.

ಧಣಿ ಹೋಗುವ ಮುಂಚೆ ನನ್ನ ಹತ್ತಿರ ಬಂದರು. "ಕುಡಿದಿದ್ದೆ ಅಂತ ಒಂದು ಮಾತು ಹೇಳಿದ್ರೆ ಇವತ್ತೇ ಕರ್ಕೊಂಡು ಹೋಗ್ತಿದ್ದೆ ಮೇಡಂ," ಎಂದರು. ಬಾಯಿ ಊದಿಸಿದ್ದರ ಬಗ್ಗೆ ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ರಿಕ್ಷಾ ಹತ್ತಿದ್ದರು.

ಸಹಿ, ಸೀಲು ಎಲ್ಲ ಆಗಿ ಅವನನ್ನು ಬಿಟ್ಟು ನಾವು ಮೆಟ್ಟಿಲಿಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ನನಗೆ ಹೊಟ್ಟೆ ಹಸಿದು ತಲೆ ಸಿಡಿಯುತ್ತಿತ್ತು. ಹೆಂಡತಿ ಸೀರೆಯ ಸೆರಗಿನ ಗಂಟು ಬಿಚ್ಚಿ ಭಂಡಾರ ತೆಗೆದಳು.

"ಕೋರ್ಟಿಗೆ ಸಹಿ ಮಾಡಿ ಬಂದೀನಲ್ಲ," ಎಂದ ಅವನು.

"ಅದು ಸರ್ಕಾರಕ್ಕಾತು. ನನಗ ಮುಟ್ಟಿ ಹೇಳ್ರಿ."

ಅವನು ಮುಟ್ಟಿದ. ಕಳವು ಮಾಡಂಗಿಲ್ಲ ಎಂದ. ನಾನು ಬ್ಯಾಗು ಹೆಗಲಿಗೇರಿಸಿ, ಪ್ರತಿ ತಿಂಗಳು ಕಚೇರಿಗೆ ಬರಬೇಕು, ತಪ್ಪಿಸಿದರೆ ನೋಡು ಎಂದು ಗದರಿಸಿ ಹೊರಟೆ. ಅವಳು ಎರಡು ಮೆಟ್ಟಿಲಿಳಿದು ಅಡ್ಡ ಬಂದಳು. ಭಂಡಾರದ ಅಂಗೈ ಹಾಗೆಯೇ ತೆರೆದಿತ್ತು.

"ಅಕ್ಕಾರ, ಕೆಲಸ ಇಲ್ದ ಕೂತ್ರ ಕೆಡ್ತಾರಂತ ನೀವ ಬರೀತೀರಂತ ವಕೀಲ್ರು ಹೇಳಿದ್ರು. ಇವ್ರಿಗೆ ಕೆಲಸಾ ಹುಡುಕಿ ಕೊಡೂದೂ ನಿಮ್ಮ ಪಾಲಿನ ಕೆಲಸ ಅಂತ. ಖರೇ ಏನು?"

ಖರೆ. ಕಾಯ್ದೆಯಲ್ಲೇ ಇದೆ. "ಪ್ರಯತ್ನ ಮಾಡ್ತೇನೆ ಮಾರಾಯ್ತಿ," ಎಂದೆ.

"ಪ್ರಯತ್ನಕ್ಕ ಆಣಿ ಇಲ್ರಿ. ಕೊಡಿಸ್ತೀನಿ ಅಂತೀರೋ, ಇಲ್ಲಂತೀರೋ?"

ಗಂಡ ತಲೆ ತಗ್ಗಿಸಿ "ಬಿಡ, ಅವ್ರಿಗೆ ಹಂಗ ಕೇಳಬಾರ್ದು," ಎಂದ. ಅವಳು ಬಿಡಲಿಲ್ಲ. ವಕೀಲ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಕಚೇರಿಯಲ್ಲಿ ಆಳು ಕಮ್ಮಿ, ಫೈಲು ಹೆಚ್ಚು, ಕಳವು ಮಾಡಿದವನನ್ನು ಇಟ್ಟುಕೊಳ್ಳುವವರು ಯಾರು, ಈ ಊರಿನಲ್ಲಿ ಕೆಲಸವೇನು ಮರದಲ್ಲಿ ಕಾಯುತ್ತದೆಯೇ: ನನ್ನ ಬಾಯಿಗೆ ಎಷ್ಟೊಂದು ಕಾರಣ ಬಂದವು. ಎಲ್ಲವೂ ನಿಜವಾದವೇ. ಅವಳು ಅಂಗೈ ಒಡ್ಡಿಕೊಂಡೇ ನಿಂತಿದ್ದಳು.

ಇಬ್ಬರಿಗೂ ಬೈಯುತ್ತಲೇ ಮುಟ್ಟಿದೆ.